ತಾಯಂದಿರಿಗೆ ಪಾಳಿ ಇಲ್ಲ

ಸನ್ಮಾನ ಸಮಿತಿಯ ವಕೀಲರು ನನ್ನ ಮನೆಯ ಜಗುಲಿಯ ಮೇಲೆ ಕೂತು ಕಾಫಿ ಆರಿಸಿಕೊಳ್ಳುತ್ತ ಹೇಳಿದರು: “ಸಿಸ್ಟರ್, ನಾಲ್ಕೇ ಮಾತು. ಕಾಲರಾ ಬಂದಾಗ ಡಾಕ್ಟರು ನಿಮ್ಮನ್ನೆಲ್ಲ ಹೆತ್ತ ಮಕ್ಕಳ ಹಾಗೆ ನೋಡಿಕೊಂಡರಲ್ಲ, ಅದನ್ನು ಹೇಳಿಬಿಡಿ. ಕೇಳಿದವರ ಕಣ್ಣಲ್ಲಿ ನೀರು ಬರಬೇಕು. ಆದರೆ ಉದ್ದ ಮಾಡಬೇಡಿ. ಆಮೇಲೆ ಸಂಗೀತ ಇದೆ, ರುದ್ರಪಟ್ಟಣದ ವಿದ್ವಾಂಸರು ಬರ್ತಾರೆ.”

“ಕಣ್ಣಲ್ಲಿ ನೀರು ಬರದೇ ಹೋದ್ರೆ?”

“ತಮಾಷೆ ಮಾಡ್ತೀರಿ” ಎಂದರು. ಲೋಟ ಕೆಳಗಿಟ್ಟು ಮುಂದುವರಿಸಿದರು: “ಇನ್ನೊಂದು ವಿಷಯ. ನಿಮ್ಮ ಜೊತೆ ಅರಕಲಗೂಡಿನಾಕೆ ಒಬ್ಬರು ಇದ್ದರಂತಲ್ಲ, ಕಾಲರಾಕ್ಕೆ ಹೆದರಿ ಕೆಲಸ ಬಿಟ್ಟು ಓಡಿಹೋದವರು. ಅವರನ್ನೂ ಕರೆಸಿ. ಡಾಕ್ಟರು ಅವರನ್ನ ಕ್ಷಮಿಸಿದ್ದಾರೆ. ವೇದಿಕೆ ಮೇಲೆ ಅದು ಬಹಳ ಚೆನ್ನಾಗಿರುತ್ತೆ.”

ಕ್ಷಮಿಸಿದ್ದಾರೆ! ವಕೀಲರು ಹೋದ ಮೇಲೆ ಆ ಲೋಟವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತಿಕ್ಕಿದೆ. ಅವಳು ಓಡಿಹೋಗಲಿಲ್ಲ. ಹೆದರಲಿಲ್ಲ. ಸುತ್ತಲ ಮೂರು ತಾಲ್ಲೂಕಿನಲ್ಲಿ ಅವಳಷ್ಟು ಚೆನ್ನಾಗಿ ನರ ಹುಡುಕಿ ಸೂಜಿ ಇಡುವ ಕೈ ಇನ್ನೊಂದಿರಲಿಲ್ಲ. ಈ ಕೆಲಸ ಉಳಿಸಿಕೊಳ್ಳಲು ಅತ್ತೆಯ ಜೊತೆ, ಗಂಡನ ಜೊತೆ, ಊರಿನ ಜೊತೆ ಜಗಳವಾಡಿ ಬಂದವಳು ಅವಳು. ಅಂಥವಳು ಒಂದು ಸಂಜೆ ಟ್ರಂಕು ಎತ್ತಿಕೊಂಡು ಹೊರಟಳು. ಯಾಕೆ ಎಂಬುದನ್ನು ಹೇಳಬೇಕು. ನಾಲ್ಕು ಮಾತಿನಲ್ಲಿ ಆಗುವುದಿಲ್ಲ.

ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸಿದರೆ ಮೊದಲು ಬರುವ ಚಿತ್ರ ಹೊಳೆನರಸೀಪುರದ ಹೊಳೆ, ಮೇಲೆ ಮೋಡ, ದಂಡೆಯ ಮೇಲೆ ಕಾಲರಾ ಷೆಡ್ಡು, ಜಡಿಮಳೆ. ಮಳೆಯನ್ನು ಈಗಲೇ ಹೊಡೆದುಹಾಕುತ್ತೇನೆ. ಮಳೆ ಇರಲಿಲ್ಲ. ಬೇಸಿಗೆ, ಹೊಳೆ ಸೊರಗಿತ್ತು, ಅದಕ್ಕೇ ಕಾಲರಾ ಬಂದದ್ದು. ನೆನಪು ದರ್ಜಿಯ ಹಾಗೆ. ಅಳತೆ ತೆಗೆದುಕೊಳ್ಳದೆ ಹೊಲಿಯುತ್ತದೆ, ಹೊಲಿದದ್ದಕ್ಕೆ ಒಂದು ಅಂಚು ಬೇರೆ ಹಚ್ಚುತ್ತದೆ. ಅಂಚು ಕಂಡ ಕಡೆಯೆಲ್ಲ ನನಗೆ ಅನುಮಾನ.

ಹೊಳೆನರಸೀಪುರಕ್ಕೆ ಮೊದಲು ಚನ್ನರಾಯಪಟ್ಟಣ. ಅದಿಲ್ಲದೆ ಇದು ಅರ್ಥವಾಗುವುದಿಲ್ಲ.

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ಚನ್ನರಾಯಪಟ್ಟಣದಲ್ಲಿ ಇಲಿ ಬಿದ್ದವು. ಇಲಿ ಬಿದ್ದರೆ ಪ್ಲೇಗು ಎಂದು ಮಕ್ಕಳಿಗೂ ಗೊತ್ತಿತ್ತು; ಜನ ಮನೆಗೆ ಬೀಗ ಹಾಕಿಕೊಂಡು ಬಯಲಿಗೆ ಹೋಗಿ ಗುಡಿಸಲು ಕಟ್ಟಿಕೊಂಡರು. ಹಾಸನದಿಂದ ನಮ್ಮ ಮೂವರನ್ನು ಕಳಿಸಿದರು. ಅರಕಲಗೂಡಿನವಳು, ನಾನು, ಮತ್ತೊಬ್ಬಳು ಕ್ರೈಸ್ತರ ಹುಡುಗಿ, ಇನ್ನೂ ಮದುವೆಯಾಗದವಳು. ನಾನು ಹಳೇಕೋಟೆಯ ಕಡೆಯವಳು, ಗಂಡ ಸತ್ತ ಮೇಲೆ ನರ್ಸಿಂಗ್ ಕಲಿತವಳು. ಇದನ್ನು ಈಗಲೇ ಹೇಳಿರುತ್ತೇನೆ, ಮುಂದೆ ಬೇಕಾಗುತ್ತದೆ.

ಅಲ್ಲಿದ್ದ ಡಾಕ್ಟರಿಗೆ ನಾವು ಬೈಗುಳದ ಡಾಕ್ಟರು ಎಂದು ಹೆಸರಿಟ್ಟಿದ್ದೆವು. ಬೆಳಿಗ್ಗೆ ನಮ್ಮನ್ನು ಕಂಡ ಕೂಡಲೇ “ಇನ್ನೂ ಸತ್ತಿಲ್ವಾ ನೀವು?” ಅನ್ನುವುದೇ ಆತನ ನಮಸ್ಕಾರ. ಬಾಯಿ ತೆರೆದರೆ ಕತ್ತೆ, ಕೋಣ, ದರಿದ್ರ. ಆದರೆ ಬಂದ ಮೊದಲ ದಿನವೇ ಒಂದು ಇದ್ದಿಲ ತುಂಡು ತೆಗೆದುಕೊಂಡು ಷೆಡ್ಡಿನ ಗೋಡೆಯ ಮೇಲೆ ನಮ್ಮ ಪಾಳಿ ಬರೆದ. ಇಬ್ಬರು ಒಳಗೆ, ಒಬ್ಬಳು ಹೊರಗೆ. ಹೊರಗೆ ಅಂದರೆ ಹೊರಗೆ: ಹುಣಸೆ ಮರದ ಕೆಳಗೆ ಒಂದು ಹಗ್ಗದ ಮಂಚ, ಒಂದು ಮಡಕೆ ಕಾಯಿಸಿ ಆರಿಸಿದ ನೀರು. ಪಾಳಿ ಮುಗಿದ ಮೇಲೂ ಒಳಗೆ ನಿಂತವಳಿಗೆ ಪೂಜೆ ತಪ್ಪುತ್ತಿರಲಿಲ್ಲ.

“ಏನಮ್ಮೀ, ನಿನ್ ಪಾಳಿ ಮುಗೀತು. ಇನ್ನೂ ಯಾಕ್ ಇಲ್ಲಿ ನಿಂತಿದ್ದೀ, ಗರುಡಗಂಬ?”

ಅರಕಲಗೂಡಿನವಳ ಕೈಯಲ್ಲಿ ಗಂಜಿಯ ಬಟ್ಟಲಿತ್ತು. “ಈ ಅಜ್ಜಿಗೆ ಗಂಜಿ ಕುಡಿಸ್ಬುಟ್ಟು ಓಯ್ತೀನಿ ಸಾ.”

“ಗಂಜಿ ನಾನ್ ಕುಡಿಸ್ತೀನಿ. ನೀನು ಓಗಿ ಬಿದ್ಕೊ. ನೀನ್ ಸತ್ರೆ ನಿನ್ ಬದ್ಲು ಕೆಲಸಕ್ಕೆ ನಿಮ್ಮತ್ತೆ ಬತ್ತಾಳಾ?”

“ನಮ್ಮತ್ತೆ ಬಂದ್ರೆ ಪಿಲೇಗೇ ಊರು ಬಿಟ್ಟೋಯ್ತದೆ ಸಾ.”

ಆತ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬಟ್ಟಲು ಕಿತ್ತುಕೊಂಡು ತಾನೇ ಕುಡಿಸಲು ಕೂತ. ಅರ್ಧ ಗಂಜಿ ಅಜ್ಜಿಯ ಎದೆಯ ಮೇಲೆ ಚೆಲ್ಲಿತು. ಅಜ್ಜಿಯೂ ಬೈದಳು. ಹುಣಸೆ ಮರದ ಕೆಳಗೆ ಅರಕಲಗೂಡಿನವಳು ಮುಸುಕು ಹಾಕಿ ಮಲಗಿದವಳು ಒಳಗೊಳಗೇ ನಗುವುದು ಮಂಚದ ಅಲುಗಾಟದಲ್ಲೇ ಗೊತ್ತಾಗುತ್ತಿತ್ತು.

ಒಂದು ದಿನ ಒಂದೇ ಮಂಚ ಖಾಲಿ, ಬಾಗಿಲಲ್ಲಿ ಇಬ್ಬರು ರೋಗಿಗಳು. ಇಬ್ಬರ ಕಡೆಯವರೂ ನಮ್ಮ ಕಾಲು ಹಿಡಿದುಕೊಂಡಿದ್ದರು. ಬೈಗುಳದ ಡಾಕ್ಟರು ಇಬ್ಬರನ್ನೂ ಮುಟ್ಟಿ ನೋಡಿ, “ಇವನನ್ನ ಒಳಗೆ ತಗೊಳ್ಳಿ. ಅವನು ಉಳಿಯಲ್ಲ. ಪಾಪ ಬಂದ್ರೆ ನಂಗೆ ಬರ್ಲಿ, ನೀವು ಮುಖ ನೋಡ್ಬೇಡಿ” ಎಂದ. ನಾವು ನೋಡಲಿಲ್ಲ. ಆಮೇಲೆ ಊಟ ಮಾಡಿದೆವು. ಸಾವಿನ ನಡುವೆ ಊಟ ಮಾಡಿದೆವು, ನಿದ್ದೆ ಮಾಡಿದೆವು, ಅತ್ತೆಯರನ್ನು ಆಡಿಕೊಂಡೆವು. ಹೆಣ ಎತ್ತಿದ ದಿನವೂ ನಮ್ಮ ಮೂವರ ನಡುವೆ ಒಂದು ಬಿರುಸು ಮಾತು ಬರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಚೆನ್ನಾಗಿರುತ್ತಿತ್ತು: ಹೊರಗೆ ಮುಳ್ಳು, ಒಳಗೆ ಹಲಸಿನ ತೊಳೆ. ಆದರೆ ಅದೇ ಮನುಷ್ಯ ಕ್ರೈಸ್ತರ ಹುಡುಗಿಯ ಅಪ್ಪನ ಬಗ್ಗೆ, ಎಲ್ಲರ ಎದುರಿಗೆ, ಒಂದು ಮಾತು ಅಂದ. ಅದನ್ನು ಇಲ್ಲಿ ಬರೆಯುವುದಿಲ್ಲ. ಅವಳು ಆ ದಿನ ಅನ್ನ ಮುಟ್ಟಲಿಲ್ಲ. ಆತನ ಸುದ್ದಿ ತೆಗೆದರೆ ಈಗಲೂ ಎದ್ದು ಒಳಗೆ ಹೋಗುತ್ತಾಳೆ. ನಿದ್ದೆ ಕೊಟ್ಟ, ಸರಿ. ಅದಕ್ಕಾಗಿ ಆ ಮಾತನ್ನು ಅವಳು ಮರೆಯಬೇಕೇ? ನನಗೆ ಗೊತ್ತಿಲ್ಲ. ಈ ಲೆಕ್ಕ ಸರಿಹೋಗುವುದಿಲ್ಲ, ನಾನು ಸರಿಮಾಡಲೂ ಹೋಗುವುದಿಲ್ಲ.

ಹೊಳೆನರಸೀಪುರಕ್ಕೆ ಬರೋಣ. ಆಗ ಯುದ್ಧ ನಡೆಯುತ್ತಿತ್ತು. ಸೀಮೆಎಣ್ಣೆ ಇಲ್ಲ, ರಬ್ಬರ್ ಕೊಳವೆ ಇಲ್ಲ, ಎಳೆಯ ಡಾಕ್ಟರುಗಳೆಲ್ಲ ಸೈನ್ಯಕ್ಕೆ ಹೋಗಿದ್ದರು. ಊರಾಚೆ ಹೊಳೆಯ ಹತ್ತಿರ ತೆಂಗಿನ ಗರಿಯ ಷೆಡ್ಡು. ಒಳಗೆ ಸಾಲು ಮಂಚಗಳು. ಪ್ರತಿ ಮಂಚಕ್ಕೂ ನಡುವೆ ತೂತು, ಕೆಳಗೆ ಬಕೀಟು. ಕಾಲರಾ ಕಂಡವರಿಗೆ ಯಾಕೆ ಎಂದು ಹೇಳಬೇಕಾಗಿಲ್ಲ; ಕಾಣದವರು ಪುಣ್ಯವಂತರು. ಮತ್ತೆ ನಾವೇ ಮೂವರು. ಇಲ್ಲಿನ ಮೇಲಿನವರು ಬೇರೆ. ಇವರೇ ಈಗ ನಿವೃತ್ತರಾಗಿ ಸನ್ಮಾನ ಮಾಡಿಸಿಕೊಳ್ಳುವವರು. ನಮ್ಮ ಬಾಯಲ್ಲಿ ಇವರು ಕೈಮುಗಿಯುವ ಡಾಕ್ಟರು.

ಇವರು ಒಂದು ದಿನವೂ ದನಿ ಏರಿಸಲಿಲ್ಲ. ಬಿಳಿ ಪಂಚೆ, ಮುಚ್ಚುಕೋಟು, ಹಣೆಯ ಮೇಲೆ ಗಂಧದ ಬೊಟ್ಟು. ಬೆಳಿಗ್ಗೆ ಬಂದು, ಷೆಡ್ಡಿನ ಬಾಗಿಲಲ್ಲಿ ನಮ್ಮ ಮೂವರನ್ನೂ ನಿಲ್ಲಿಸಿ, ನಮಗೇ ಕೈಮುಗಿಯುತ್ತಿದ್ದರು. “ನೀವು ನರ್ಸುಗಳಲ್ಲ. ನೀವು ಈ ಊರಿನ ತಾಯಂದಿರು.” ಮೊದಲ ದಿನ ನಾನು ನಿಜವಾಗಿ ಸೆರಗಿನಿಂದ ಕಣ್ಣೊರೆಸಿಕೊಂಡೆ. ಮೊದಲ ದಿನ ಯಾರಾದರೂ ಒರೆಸಿಕೊಳ್ಳುತ್ತಾರೆ.

ಎರಡನೆಯ ದಿನ ನಾನು ಕೇಳಿದೆ: “ಸಾರ್, ಪಾಳಿ ಹಾಕಿಕೊಡಿ. ಮೂವರೂ ಒಟ್ಟಿಗೇ ನಿಂತಿದ್ದೇವೆ, ಒಟ್ಟಿಗೇ ಬೀಳ್ತೇವೆ.”

ಅವರು ಮಗುವಿನ ಮಾತು ಕೇಳಿದವರ ಹಾಗೆ ನಕ್ಕರು. “ಪಾಳಿಯೇ? ತಾಯಿಗೆ ಪಾಳಿ ಉಂಟೇನಮ್ಮಾ? ಮಗು ಅತ್ತರೆ, ಈಗ ನನ್ನ ಪಾಳಿ ಅಲ್ಲ ಅಂತಾಳೆಯೇ ತಾಯಿ? ನೀವು ಅಕ್ಕತಂಗಿಯರು. ನೀವೇ ಹೊಂದಿಸಿಕೊಳ್ಳಿ. ನಾನು ಯಾರು ಹೇಳೋದಕ್ಕೆ?”

ಅವರು ಹೋದ ಮೇಲೆ ಅರಕಲಗೂಡಿನವಳು ಬಕೀಟಿಗೆ ಸುಣ್ಣದ ಪುಡಿ ಹಾಕುತ್ತ ಅಂದಳು: “ಯಾರು ಅಂದ್ರೆ? ಡಾಕ್ಟ್ರು. ಸಂಬಳ ಎಣಿಸ್ಕೊಳ್ಳೋವಾಗ ಗ್ಯಾನ ಇರ್ತದಲ್ಲ.”

ನಾವೇ ಹೊಂದಿಸಿಕೊಂಡೆವು. ಹೊಂದಿಸಿಕೊಳ್ಳುವುದು ಎಂದರೆ ಏನು ಎಂಬುದನ್ನು ವಕೀಲರ ಸಮಿತಿಗೆ ಯಾರಾದರೂ ವಿವರಿಸಬೇಕು. ಹೇಳುವವರು ಇಲ್ಲದ ಕಡೆ ಪ್ರತಿಯೊಬ್ಬಳೂ ಇನ್ನಿಬ್ಬರ ನಿದ್ದೆಗೆ ಕಾವಲು ಕೂರುತ್ತಾಳೆ. ನಾನು ಮಲಗಿ ಎದ್ದರೆ ಕ್ರೈಸ್ತರ ಹುಡುಗಿ ಬಿಸಿಲು ಎಲ್ಲಿಗೆ ಬಂದಿದೆ ಎಂದು ನೋಡುತ್ತಾಳೆ. ಅವಳು ಕೈ ತೊಳೆಯಲು ಹೋಗಿ ತಡಮಾಡಿದರೆ ನಾನು ಬಕೀಟು ಸದ್ದಾಗುವಂತೆ ಕುಕ್ಕುತ್ತೇನೆ. ಪ್ಲೇಗಿನ ನಡುವೆ ಬರದ ಬಿರುಸು ಮಾತು ಇಲ್ಲಿ ಒಂದು ಸೂಜಿ ಕುದಿಸುವ ಪಾತ್ರೆಗಾಗಿ ಬಂತು. ನನಗೆ ಬಾಯಿ ತುಂಬ ಹುಣ್ಣು. ಹುಡುಗಿಗೆ ಜ್ವರ. ಅವಳ ಜ್ವರಕ್ಕೆ ತನ್ನ ಮಲಗುವ ಸರದಿ ಬಿಟ್ಟುಕೊಟ್ಟವಳು ಅರಕಲಗೂಡಿನವಳು. ಒಂದು ಸಲ ಅಲ್ಲ, ಮತ್ತೆ ಮತ್ತೆ.

ದೂರು ಹೇಳುವುದಾದರೂ ಹೇಗೆ? ಬೈಯುವವನಿಗೆ ಎದುರಾಡಬಹುದು, ಬೆನ್ನ ಹಿಂದೆ ಶಪಿಸಬಹುದು. ಕೈಮುಗಿದು ನಿಂತವರಿಗೆ ಏನು ಮಾಡುವುದು? ನಾವು ತಿರುಗಿ ಕೈಮುಗಿಯುತ್ತಿದ್ದೆವು. ಅವರು ಇನ್ನೂ ಬಗ್ಗುತ್ತಿದ್ದರು. ಸುಸ್ತಾಯಿತು ಎಂದು ಬಾಯಿ ಬಿಟ್ಟರೆ ನಾವೇ ಸಣ್ಣವರು.

ಸಲೈನ್ ಬಾಟಲಿಯ ದಿನವೂ ಬಂತು. ಇದ್ದದ್ದು ಒಂದೇ, ಹಾಸನದಿಂದ ಬರಬೇಕಾದ ಪೆಟ್ಟಿಗೆ ಬಂದಿರಲಿಲ್ಲ. ಒಂದು ಮಂಚದ ಮೇಲೆ ಮಗ್ಗದ ಕೆಲಸದವನು, ಪಕ್ಕದ ಮಂಚದ ಮೇಲೆ ಎಳೆ ಬಾಣಂತಿ. ಇಬ್ಬರ ಕಣ್ಣೂ ಗುಳಿಬಿದ್ದಿತ್ತು, ಇಬ್ಬರ ಬೆರಳೂ ಸುಕ್ಕುಗಟ್ಟಿತ್ತು. ಯಾರಿಗೆ ಹಾಕಲಿ ಎಂದು ಅರಕಲಗೂಡಿನವಳು ಕೇಳಿದಳು. ಕೈಮುಗಿಯುವ ಡಾಕ್ಟರು ಕಣ್ಣು ಮುಚ್ಚಿ ತೆರೆದರು. “ನಿನ್ನ ಮನಸ್ಸಿಗೆ ಯಾರು ಅನ್ನಿಸುತ್ತೋ ಅವರಿಗೆ ಹಾಕು ತಾಯಿ. ತಾಯಿ ಹೃದಯ ತಪ್ಪು ಮಾಡೋದಿಲ್ಲ” ಎಂದು ಹೇಳಿ, ಬಾವಿಗಳಿಗೆ ಕೆಂಪು ಔಷಧಿ ಹಾಕಿಸಲು ಊರೊಳಗೆ ಹೋದರು. ಅದೂ ಆಗಬೇಕಾದ ಕೆಲಸವೇ, ಇಲ್ಲ ಅನ್ನುವುದಿಲ್ಲ.

ಅವಳು ಬಾಣಂತಿಗೆ ಹಾಕಿದಳು. ಒಂದೇ ಚುಚ್ಚಿಗೆ ನರ ಸಿಕ್ಕಿತು. ಬಾಣಂತಿ ಉಳಿದಳು. ಮಗ್ಗದವನು ಮಧ್ಯಾಹ್ನ ಹೋದ. ಅವನ ತಂಗಿ ಯಾರನ್ನೂ ಬೈಯಲಿಲ್ಲ. ಅರಕಲಗೂಡಿನವಳ ಮುಖ ನೋಡುತ್ತ ಕೂತಿದ್ದಳು. ಪಾಪ ಬಂದ್ರೆ ನಂಗೆ ಬರ್ಲಿ ಎನ್ನಲು ಅಲ್ಲಿ ಯಾರೂ ಇರಲಿಲ್ಲ. ಅಂದಿನಿಂದ ಅವಳು ಅತ್ತೆಯ ಮಾತು ಆಡುವುದನ್ನು ನಿಲ್ಲಿಸಿದಳು.

ಅದಾದ ಮೇಲೆ, ಹುಡುಗಿಯ ಜ್ವರ ಇಳಿದಾಗ, ನಾವಿಬ್ಬರೂ ಅರಕಲಗೂಡಿನವಳಿಗೆ ಮಾತು ಕೊಟ್ಟೆವು: ನಾಳೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನೀನು ಮಲಗು, ಆಕಾಶ ಬಿದ್ದರೂ ಎಬ್ಬಿಸುವುದಿಲ್ಲ. ಷೆಡ್ಡಿನ ಹಿಂದೆ ಗೋಣಿಚೀಲ ಹಾಸಿ ಜಾಗ ಮಾಡಿದೆವು. ಅವಳು ಕೈ ಕಾಲು ತೊಳೆದು, ಸೀರೆ ಬದಲಿಸಿ ಮಲಗಿದಳು. ತಲೆ ಇಡುವುದೇ ತಡ, ಬಾಯಿ ತೆರೆದು ನಿದ್ದೆ. ಅದನ್ನು ನೋಡಿ ನನಗೇ ಹಾಯೆನಿಸಿತು.

ಆಕಾಶ ಬೀಳಲಿಲ್ಲ. ಸನ್ಮಾನ ಬಂತು.

ಪೇಟೆಯ ಯಜಮಾನರುಗಳಿಗೆ ನಮ್ಮ ಸೇವೆಯನ್ನು ಕಂಡು ಮನಸ್ಸು ತುಂಬಿ ಬಂದಿತ್ತಂತೆ. ಡಾಕ್ಟರು ಅವರಿಗೆ ನಮ್ಮ ಬಗ್ಗೆ ಅಷ್ಟು ಹೇಳಿದ್ದರಂತೆ. ಬರಿಯ ಹಾರ ಹಾಕಿದರೆ ಸಾಲದು, ತಾಯಂದಿರು ಅಂದ ಮೇಲೆ ಮಡಿಲು ತುಂಬಬೇಕು ಎಂದು ಅವರ ಮನೆಯ ಹೆಂಗಸರು ತೀರ್ಮಾನಿಸಿದರು. ಷೆಡ್ಡಿನಿಂದ ದೂರದಲ್ಲಿ, ಮಾವಿನ ಮರದ ಕೆಳಗೆ ಚಪ್ಪರ, ಅದರಡಿ ಒಂದು ಕುರ್ಚಿ. ಅಕ್ಕಿ, ಕೊಬ್ಬರಿ ಬಟ್ಟಲು, ತೆಂಗಿನಕಾಯಿ, ಬಾಳೆಹಣ್ಣು, ಕುಪ್ಪಸದ ಕಣ, ಅರಿಸಿನ ಕುಂಕುಮ, ಎಲ್ಲ ತಟ್ಟೆಯಲ್ಲಿ ಜೋಡಿಸಿಕೊಂಡು ಬಂದರು.

ಬಂದ ಮೇಲೆ ತೊಡಕು ಹೊಳೆಯಿತು. ಮಡಿಲು ತುಂಬುವುದು ಮುತ್ತೈದೆಗೆ. ಜವಳಿ ಅಂಗಡಿಯ ಹಿರಿಯ ಅಮ್ಮ ನನ್ನ ಬರಿಯ ಹಣೆ ನೋಡಿದರು, ನೋಡಿ ಮುಖ ತಿರುಗಿಸಿಕೊಂಡರು. ಕ್ರೈಸ್ತರ ಹುಡುಗಿಯ ಕೊರಳಿನ ಶಿಲುಬೆ ನೋಡಿದರು.

“ಮತ್ತೊಬ್ಳು ಇದ್ದಾಳಂತಲ್ಲವ್ವಾ, ಅರಕಲಗೂಡಿನ ಸೊಸೆ. ಅವಳೆಲ್ಲಿ?”

“ಮಲಗಿದ್ದಾಳೆ” ಎಂದೆ.

“ಎಬ್ಬಿಸ್ರವ್ವ. ಮಾಂಗಲ್ಯ ಇರೋಳು ಅವಳೊಬ್ಳೇ ತಾನೆ.”

“ಎಬ್ಬಿಸಬಾರದು. ಅವಳು ನಿದ್ದೆ ಮಾಡಿ ಯಾವ ಕಾಲವಾಯಿತು.”

ಹಿರಿಯ ಅಮ್ಮ ಡಾಕ್ಟರ ಮುಖ ನೋಡಿದರು. ಡಾಕ್ಟರು ನನ್ನ ಮುಖ ನೋಡಿದರು. ಅಲ್ಲಿ ಒಂದು ಮಾತು ಸಾಕಾಗಿತ್ತು. ಬೇಡಿ, ಮಲಗಲಿ, ಇನ್ನೊಂದು ದಿನ ಬನ್ನಿ: ಇಷ್ಟೇ. ಯಾರಿಗೂ ಬೇಸರ ಮಾಡಲಾರದ ಆ ಮನುಷ್ಯ ಕೈಮುಗಿದು, “ಊರವರ ಪ್ರೀತಿ ಅಮ್ಮಾ. ಇಲ್ಲ ಅಂದರೆ ನೊಂದುಕೊಳ್ಳುತ್ತಾರೆ. ಐದು ನಿಮಿಷ. ನೀವೇ ಏನೋ ಒಂದು ಮಾಡಿ” ಎಂದರು. ನಾನು ಕದಲಲಿಲ್ಲ. ಕೊನೆಗೆ ಆ ಹೆಂಗಸರೇ ಷೆಡ್ಡಿನ ಹಿಂದಕ್ಕೆ ಹೋಗಿ ಅವಳನ್ನು ಎಬ್ಬಿಸಿಕೊಂಡು ಬಂದರು.

ಅವಳ ಕೆನ್ನೆಯ ಮೇಲೆ ಗೋಣಿಯ ನೇಯ್ಗೆ ಅಚ್ಚೊತ್ತಿತ್ತು. ಕುರ್ಚಿಯಲ್ಲಿ ಕೂರಿಸಿದರು. ಅರಿಸಿನ ಹಚ್ಚಿದರು. ಸೆರಗು ಹಿಡಿಸಿ ಅಕ್ಕಿ ಸುರಿದರು, ಕಾಯಿ ಇಟ್ಟರು. ಒಬ್ಬೊಬ್ಬರಾಗಿ ಬಂದರು, ಪೇಟೆಯಲ್ಲಿ ಮನೆಗಳು ಬಹಳ. ಐದು ನಿಮಿಷವಂತೆ! ನಡುವೆ ಡಾಕ್ಟರು ಎದ್ದು ಮಾತಾಡತೊಡಗಿದರು. ತಾಯಿ ಭೂಮಿ, ತಾಯಿ ನದಿ, ತಾಯಿ ದೀಪ. ಅವರ ಮಾತು ಚೆನ್ನಾಗಿಯೇ ಇರುತ್ತಿತ್ತು. ಷೆಡ್ಡಿಗೆ ಆಗಲೇ ವಾಪಸು ಹೋಗಿದ್ದ ಹುಡುಗಿ ಒಳಗೆ ಒಬ್ಬಳೇ ಇದ್ದಳು, ಮಂಚಗಳೆಲ್ಲ ಭರ್ತಿ.

ಮಾತು ದೀಪದ ಹತ್ತಿರ ಬಂದಾಗ ಅರಕಲಗೂಡಿನವಳು ಕೂತಲ್ಲೇ ನಿದ್ದೆಹೋದಳು. ಕತ್ತು ಒಂದು ಕಡೆಗೆ ವಾಲಿತು. ಸೆರಗು ಹಿಡಿದ ಕೈ ಸಡಿಲಿತು. ಮಡಿಲಕ್ಕಿ ಜರ್ರನೆ ನೆಲಕ್ಕೆ ಸುರಿಯಿತು. ತೆಂಗಿನಕಾಯಿ ಉರುಳಿಕೊಂಡು ಹೋಗಿ ಡಾಕ್ಟರ ಕಾಲಿಗೆ ತಾಕಿ ನಿಂತಿತು.

ಹೆಂಗಸರು ಉಸಿರೆಳೆದುಕೊಂಡರು. ಮಡಿಲಕ್ಕಿ ಚೆಲ್ಲುವುದು ಎಂದರೇನು ಎಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. “ಅಯ್ಯೋ ಸಿವನೇ! ಗಂಡನ್ ಮನೆಗೆ ಏನ್ ಕಾದದೆಯೋ” ಎಂದರು ಹಿರಿಯ ಅಮ್ಮ. ಆ ದನಿಗೆ ಅವಳು ಬೆಚ್ಚಿ ಎದ್ದಳು. ಕಾಲ ಕೆಳಗಿನ ಅಕ್ಕಿ ನೋಡಿದಳು, ಸುತ್ತಲಿನ ಮುಖ ನೋಡಿದಳು. ಎಲ್ಲರ ಕಣ್ಣಿನಲ್ಲೂ ಅವಳು ತಪ್ಪು ಮಾಡಿದವಳು.

ಡಾಕ್ಟರು ಕಾಯಿ ಎತ್ತಿಕೊಂಡು ಮುಗುಳ್ನಕ್ಕರು. “ತಪ್ಪು ತಿಳಿಯಬೇಡಿ. ಮಕ್ಕಳಿಗಾಗಿ ದಣಿದ ತಾಯಿ.” ಜನ ತಲೆದೂಗಿದರು.

ಆಗ ಒಂದು ಮಾತು ಕೇಳಿಸಿತು: “ತಾಯಿ ಪಟ್ಟ ಬ್ಯಾಡಿ ಸಾ. ಪಾಳಿ ಕೊಡಿ.”

ಅವಳ ಬಾಯಿಂದ ಬಂದ ಈ ಮಾತನ್ನು ನಾನು ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡಿದ್ದೇನೆ. ಡಾಕ್ಟರು ಅದಕ್ಕೂ ಕೈಮುಗಿದರು.

ಅವಳು ಹೋಗಿ ಗೋಣಿಚೀಲದ ಮೇಲೆ ಮತ್ತೆ ಮಲಗಿದಳು. ಸಂಜೆ ಬಿಸಿಲು ಇಳಿಯುವಾಗ ಎದ್ದು, ಮುಖ ತೊಳೆದು, ಟ್ರಂಕು ಕಟ್ಟಿದಳು.

“ಓಯ್ತೀನಿ ಕಣಕ್ಕ.”

“ಎಲ್ಲಿಗೇ?”

“ಮನೆಗೆ.”

“ಅತ್ತೆ ಇನ್ನು ವಾಪಸು ಕಳಿಸ್ತಾಳೇನೇ? ಬೈಯ್ದು ಸಾಯಿಸ್ತಾಳೆ.”

“ಬೈಲಿ ಬುಡು. ಬೈಸ್ಕೊಂಡ್ರೆ ನಿದ್ದೆ ಬತ್ತದೆ ನಂಗೆ.”

ಅಡ್ಡ ಹಾಕಬೇಕಾಗಿತ್ತೇನೋ, ಮನಸ್ಸು ಬರಲಿಲ್ಲ. ಡಾಕ್ಟರು ಬಸ್ಸಿನ ತನಕ ಬಂದರು. ಹಣ್ಣಿನ ಬುಟ್ಟಿ ಕೊಟ್ಟರು. “ಭಯ ಸಹಜ ತಾಯಿ. ಯಾರೂ ನಿನ್ನನ್ನು ತಪ್ಪು ತಿಳಿಯೋದಿಲ್ಲ” ಎಂದರು. ಭಯ ಎಂಬ ಮಾತು ಹುಟ್ಟಿದ್ದು ಅಲ್ಲಿ, ಆ ಬುಟ್ಟಿಯ ಜೊತೆ. ಅವರು ಅದನ್ನು ನಂಬಿದ್ದರು. ಸುಳ್ಳು ಹೇಳಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ವಕೀಲರು ಬಂದು ಹೋದ ವಾರ ಅರಕಲಗೂಡಿಗೆ ಹೋದೆ. ಸನ್ಮಾನಕ್ಕೆ ಕರೆಯಲು ಅಲ್ಲ, ಸಾಕ್ಷಿ ಕೇಳಲು. ಅವಳು ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ದಪ್ಪಗಾಗಿದ್ದಳು. ಅತ್ತೆ ಇನ್ನೂ ಬದುಕಿದ್ದಳು, ಕಿವಿ ಕೇಳಿಸುತ್ತಿರಲಿಲ್ಲ. ಬೀದಿಯ ಹೆರಿಗೆಗಳಿಗೆಲ್ಲ ಕರೆಯುವುದು ಇವಳನ್ನೇ ಎಂದು ಪಕ್ಕದ ಮನೆಯವರು ಹೇಳಿದರು. ಮೆಣಸಿನಕಾಯಿ ಘಾಟಿನಲ್ಲಿ ಕೆಮ್ಮುತ್ತ ವಿಷಯ ಹೇಳಿದೆ.

“ಸರಿಯಾಗೇ ಏಳವ್ರಲ್ಲಕ್ಕ. ಭಯ ಆಯ್ತು, ಬುಟ್ಬುಟ್ಟೆ.”

ನನಗೆ ತಲೆ ಕೆಟ್ಟುಹೋಯಿತು. “ಭಯ? ನಿಂಗೆ? ಹೆಣದ ಪಕ್ಕ ಕೂತು ಗಂಜಿ ಕುಡಿದವಳು ನೀನು!”

“ಇನ್ನೇನನ್ಲಿ? ದೇವರಂಥ ಮನುಸ ನಂಗೆ ನಿದ್ದೆ ಕೊಡ್ಲಿಲ್ಲ ಅಂದ್ರೆ ಯಾರು ನಂಬ್ತಾರೆ? ಕಾಲರಾ ಅಂದ್ರೆ ಎಲ್ರೂ ತಲೆ ಆಡಿಸ್ತಾರೆ. ಏಳೀ ಏಳೀ ಈಗ ನಂಗೂ ಅಂಗೇ ಅನ್ನಿಸ್ತದೆ.”

“ಅವತ್ತು ಎಲ್ಲರೆದುರಿಗೆ ಅಂದೆಯಲ್ಲ! ತಾಯಿ ಪಟ್ಟ ಬ್ಯಾಡಿ, ಪಾಳಿ ಕೊಡಿ ಅಂತ.”

ಅವಳು ಮೆಣಸಿನಕಾಯಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. “ನಾನಾ? ನಿದ್ದೆಗಣ್ಣಲ್ಲಿ ನಂಗೆ ನಾಲಗೆ ಎಲ್ಲಿತ್ತು? ಅದ ಅಂದೋಳು ನೀನು ಕಣಕ್ಕ. ನಾನು ನಾಚ್ಕೊಂಡು ಕೂತಿದ್ದೆ.”

ನಾನು ಅಂದೆನೇ? ಅಂದಿರಬಹುದು. ಹಳೇಕೋಟೆಯ ಕಡೆಯ ನಾನೂ ಸಿಟ್ಟು ಬಂದರೆ ಬ್ಯಾಡಿ ಅನ್ನುವವಳೇ. ಇಬ್ಬರೂ ಅನ್ನದೆಯೇ ಇದ್ದಿರಬಹುದು, ಕಾಲರಾ ಮುಗಿದು ಬಸ್ಸಿನಲ್ಲಿ ಹಾಸನಕ್ಕೆ ಮರಳುವಾಗ ನಾನು ಹೊಲಿದ ಅಂಚು ಇರಬಹುದು. ಎಷ್ಟು ಜಗ್ಗಿದರೂ ಆ ದಾರ ಬಿಚ್ಚಲಿಲ್ಲ. ಅಕ್ಕಿ ಚೆಲ್ಲಿದ್ದು ನಿಜ, ಕಾಯಿ ಉರುಳಿದ್ದು ನಿಜ; ಅವಳೂ ಒಪ್ಪಿದಳು. ಅವಳಿಗೆ ಮಲಗು ಎಂದು ಅಧಿಕಾರದಿಂದ ಹೇಳುವವರು ಇರಲಿಲ್ಲ ಎಂಬುದು ನಿಜ.

“ಬರ್ತೀಯೇನೇ ಸನ್ಮಾನಕ್ಕೆ?”

“ಮಡಿಲು ತುಂಬ್ತಾರಾ?” ಎಂದು ಕೇಳಿ, ಅತ್ತೆಗೂ ಕೇಳಿಸುವಷ್ಟು ಜೋರಾಗಿ ನಕ್ಕಳು. ಆಮೇಲೆ ಮೆಣಸಿನಕಾಯಿಯ ಕಡೆಗೆ ತಿರುಗಿ ಸಣ್ಣಗೆ ಅಂದಳು: “ಆ ಬೈಗುಳದ ಡಾಕ್ಟ್ರು ಅಲ್ಲಿ ಇದ್ದಿದ್ರೆ ಇವತ್ತಿಗೂ ಸೂಜಿ ಇಡ್ತಿದ್ದೆ ಕಣಕ್ಕ.” ಬರುವುದಿಲ್ಲ ಎಂದು ಪ್ರತ್ಯೇಕವಾಗಿ ಹೇಳಲಿಲ್ಲ.

ಸನ್ಮಾನದ ದಿನ ನಾನೊಬ್ಬಳೇ ವೇದಿಕೆ ಹತ್ತಿದೆ. ಹಾರಗಳ ನಡುವೆ ಡಾಕ್ಟರು ಕೈಮುಗಿದು ಕೂತಿದ್ದರು; ವಯಸ್ಸಾಗಿತ್ತು, ಇನ್ನೂ ಸುಂದರವಾಗಿದ್ದರು. ಸಭಾಂಗಣದ ಎರಡೂ ಕಡೆ ಗೋಡೆಗೊರಗಿ ಎಳೆಯ ನರ್ಸುಗಳು ಬೆಳಗಿನಿಂದ ಪನ್ನೀರುದಾನಿ ಹಿಡಿದು ನಿಂತಿದ್ದರು. ಊರಿನಲ್ಲಿ ಆಗ ವಿಷಮಶೀತ ಜ್ವರ, ವಾರ್ಡು ತುಂಬಿತ್ತು. ನಾಲ್ಕು ಮಾತು ಜೋಡಿಸಿಕೊಂಡು ಹೋಗಿದ್ದೆ: ಬಾಟಲಿ, ಕುರ್ಚಿ, ಅಕ್ಕಿ, ಬುಟ್ಟಿ. ಗೋಡೆಯ ಕಡೆ ನೋಡಿದ ಮೇಲೆ ಬಾಯಿಂದ ಬಂದದ್ದು ಬೇರೆ.

“ಸಾರ್, ಈಗ ವಾರ್ಡಿನಲ್ಲಿ ಯಾರಿದ್ದಾರೆ?”

ವಕೀಲರು ಕುರ್ಚಿಯ ಅಂಚಿಗೆ ಬಂದರು. ಡಾಕ್ಟರು ಎದ್ದು ನಿಂತರು, ನನ್ನ ಕಡೆ ತಿರುಗಿದರು, ಕಣ್ಣಲ್ಲಿ ನಿಜವಾದ ನೀರು.

“ನೋಡಿ” ಎಂದರು ಜನಕ್ಕೆ, “ಇಂಥ ದಿನವೂ ಈಕೆಯ ಮನಸ್ಸು ರೋಗಿಗಳ ಹತ್ತಿರವೇ. ಇದೇ ತಾಯಿ ಹೃದಯ.”

ಏನು ಚಪ್ಪಾಳೆ! ಮಾಳಿಗೆಯ ಪಾರಿವಾಳಗಳು ಹಾರಿಹೋದವು. ವಕೀಲರು ಕರವಸ್ತ್ರ ತೆಗೆದರು. ಸಂಗೀತದವರು ತಂಬೂರಿ ಶ್ರುತಿ ಮಾಡತೊಡಗಿದರು. ಈ ಮನುಷ್ಯನ ಎದುರಿಗೆ ಯಾವ ಮಾತನ್ನು ಎಸೆದರೂ ಅದು ಹೂವಾಗಿಯೇ ಬೀಳುತ್ತದೆ. ನಾನು ಕೆಳಗಿಳಿದೆ.

ಬಾಗಿಲ ಹತ್ತಿರ ಒಬ್ಬ ನರ್ಸು ಪನ್ನೀರುದಾನಿ ಹಿಡಿದೇ ಕಣ್ಣು ಮುಚ್ಚಿದ್ದಳು. ತಂಬೂರಿಯ ನಾದಕ್ಕೆ ತಲೆದೂಗುತ್ತಿದ್ದಾಳೆ ಎಂದುಕೊಂಡು ಪಕ್ಕದವರು ಮೆಚ್ಚಿ ನೋಡುತ್ತಿದ್ದರು. ಅವಳ ಕೈಯಿಂದ ಪನ್ನೀರುದಾನಿ ಕಿತ್ತುಕೊಂಡೆ.

“ಏಯ್, ಗರುಡಗಂಬ! ನೀನ್ ಸತ್ರೆ ನಿನ್ ಬದ್ಲು ನಿಮ್ಮತ್ತೆ ಬತ್ತಾಳಾ? ಓಗಿ ಬಿದ್ಕೊ ಓಗು!”

ಅವಳು ಕೆಂಪಾಗಿ ನನ್ನನ್ನು ದುರುಗುಟ್ಟಿ ನೋಡಿದಳು. ನಾಲ್ಕು ಜನರ ಎದುರಿಗೆ ಹೀಗೆ ಅನ್ನಿಸಿಕೊಂಡ ಮುಖ ಅದು. ಹೊರಟುಹೋದಳು. ಸೀನಿಯರ್ ಸಿಸ್ಟರು ಬಾಯಿಗೆ ಬಂದಂತೆ ಬೈದರು ಎಂದು ನನ್ನ ಮೇಲೆ ದೂರು ಕೊಟ್ಟಳು. ಅವಳು ಹೇಳಿದ್ದೂ ಸರಿಯೇ.

ದೂರು ಕೊಟ್ಟದ್ದು ಮಾರನೆಯ ದಿನ, ನಿದ್ದೆ ಮಾಡಿ ಎದ್ದ ಮೇಲೆ.